ಮೆಕ್ಕೆಜೋಳ: ಇದು ಸಮಬಲದ ಪೈಪೋಟಿಯಲ್ಲ

ಮಾನ್ಯರೇ,

ಭಾರತ ತಮ್ಮ ಮೆಕ್ಕೆಜೋಳ ಕೊಳ್ಳುತ್ತಿಲ್ಲವೆಂದು ಅಮೆರಿಕದ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲುಟ್ನಿಕ್ 2025ರ ಸೆಪ್ಟೆಂಬರ್‌ನಲ್ಲಿ ಆಕ್ಷೇಪಿಸಿದ್ದು ನ್ಯಾಯವಲ್ಲ. ಅಲ್ಲಿ ಬೆಲೆ ಕುಸಿದರೆ ನಷ್ಟ ತುಂಬಿಕೊಡುವ ವ್ಯವಸ್ಥೆಯನ್ನು ಕಾನೂನೇ ಮಾಡಿದೆ. ಅದಕ್ಕೆ ಆಧಾರವಾದ ದರವನ್ನು 2025ರಲ್ಲಿ ಬುಷೆಲ್‌ಗೆ (ಸುಮಾರು 25 ಕಿಲೊ) 3.70 ಡಾಲರ್‌ನಿಂದ 4.10ಕ್ಕೆ ಏರಿಸಲಾಯಿತು. ಸಾಲದೆಂಬಂತೆ, ಬೆಳೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಎಥೆನಾಲ್‌ಗೆ ಹೋಗುತ್ತದೆ. ಪೆಟ್ರೋಲ್‌ಗೆ ಜೈವಿಕ ಇಂಧನ ಬೆರೆಸುವುದನ್ನು ಕಾನೂನು ಕಡ್ಡಾಯ ಮಾಡಿದೆ. ನಮ್ಮಲ್ಲಿ ಅದೇ ವರ್ಷ ಕ್ವಿಂಟಲ್‌ಗೆ ₹2,400 ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಹಾವೇರಿ, ಗದಗದ ರೈತರು ಅದಕ್ಕಿಂತ ಬಹಳ ಕಡಿಮೆಗೆ ಮಾರಬೇಕಾಗಿ ಬಂದು ಬೀದಿಗಿಳಿದರು. ಬೆಳೆದವನ ಹೊಟ್ಟೆ ಉರಿಯದೆ ಇದ್ದೀತೇ? ಕೇಂದ್ರವು ಮೆಕ್ಕೆಜೋಳವನ್ನು ಅಮೆರಿಕದೊಂದಿಗಿನ ವ್ಯಾಪಾರ ಒಪ್ಪಂದದಿಂದ ಹೊರಗಿಡಲಿ; ಫಸಲು ಮಾರುಕಟ್ಟೆಗೆ ಬರುವ ಮುನ್ನವೇ ಖರೀದಿ ಕೇಂದ್ರಗಳು ತೆರೆಯಲಿ.

– ಒಬ್ಬ ಓದುಗ, ರಾಣೆಬೆನ್ನೂರು