ಕಣದಜ್ಜನ ಹಲಗೆ

ಸುಂಟಿಕೊಪ್ಪ
ಆಟಿ ತಿಂಗಳು

ಪುಟ್ಟಿ,

ಮೊನ್ನೆ ಫೋನ್ ನೀನೇ ಇಟ್ಟೆಯೋ, ಮಳೆಗೆ ಟವರ್ ಹೋಯಿತೋ ತಿಳಿಯಲಿಲ್ಲ. ಆಮೇಲೆ ಎರಡು ದಿನ ಕರೆಂಟೂ ಇಲ್ಲ. ಅದಕ್ಕೇ ಕಾಗದ.

ಕಾರಿನ ಪೇಂಟ್ ಮಾಡುವ ಕಾರ್ಖಾನೆಯ ಆಟೊಮೇಷನ್ ಪೂರಾ ನಿನ್ನ ಕೈಗೆ ಕೊಟ್ಟಿದ್ದಾರೆ ಅಂದಾಗ ಮೊದಲು ಭೇಷ್ ಅನ್ನಬೇಕಿತ್ತು. "ಎಷ್ಟು ಜನರ ಅನ್ನಕ್ಕೆ ಕಲ್ಲು ಹಾಕ್ತೀಯ?" ಅಂದುಬಿಟ್ಟೆ. ತಪ್ಪಾಯಿತು. ನೀನು "ಕಣದಜ್ಜನನ್ನ ಕಳಿಸಿದ್ದು ಯಾರಪ್ಪಾ?" ಅಂದೆ. ಅಜ್ಜ ಮಗಳ ಮನೆಗೆ ಹೋದ ಅಂತ ಆಗ ನಿನಗೆ ಹೇಳಿದ್ದು ಸುಳ್ಳು. ನಿನಗೆ ಗೊತ್ತಾಗಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ತೋಟದ ಕಣದಲ್ಲಿ ಕಾಫಿ ಒಣಗಿಸುತ್ತಿದ್ದ ಅಜ್ಜ, ಸಿಪ್ಪೆ ಸಮೇತ ಒಣಗುವ ಚೆರ್ರಿ ಕಾಫಿ ಒಂದು ಹಿಡಿ ಎತ್ತಿ ಕಿವಿ ಹತ್ತಿರ ಗಲಗಲ ಅಲ್ಲಾಡಿಸಿ "ಇನ್ನೆರಡು ಬಿಸಿಲು ಬೇಕು" ಅನ್ನುತ್ತಿದ್ದ. ನಿನ್ನ ಕಿವಿಗೂ ಹಿಡಿಯುತ್ತಿದ್ದ. ತೇವದ ಮೀಟರ್ ಬಂತು. ರೊಬಸ್ಟಾ ಚೆರ್ರಿ 11 ಪರ್ಸೆಂಟಿಗೆ ಇಳಿದರೆ ಮೂಟೆ ಕಟ್ಟಬಹುದು, ಇನ್ನು ಅಜ್ಜ ಯಾಕೆ ಅಂದರು ಸಾಹುಕಾರರು. ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹೆಸರು ಹೊಡೆದುಹಾಕಿದವನು ತೋಟದ ರೈಟರ್, ನಾನು. ಆದರೆ ಅಜ್ಜನಿಗೆ ಹೇಳಲಿಲ್ಲ. ಜನವರಿಯಲ್ಲಿ ಕಣದಲ್ಲಿ ಕಾಫಿ ಹರಡಲು ಎಳೆಯುವ ತನ್ನದೇ ಹಲಗೆ ಹೊತ್ತು ಬೆಳಿಗ್ಗೆ ಏಳಕ್ಕೇ ಬಂದ. ಹೇಳಿದೆ. ಹಲಗೆಯನ್ನು ಗೋಡೆಗೆ ಒರಗಿಸಿ, ಅದರ ಹಿಡಿಗೆ ಮೆತ್ತಿದ್ದ ಮಣ್ಣನ್ನು ಪಂಚೆಯಲ್ಲಿ ಒರೆಸಿ, ಹೋದ. ಸಿಲ್ವರ್ ಓಕ್ ನೆರಳು ಬೀಳುವ ಮೂಲೆ ತಡವಾಗಿ ಒಣಗುತ್ತದೆಂದು ಅವನಿಗೆ ಗೊತ್ತಿತ್ತು. ನಾವು ಕಣದ ನಡುವಿನಿಂದಲೇ ಸ್ಯಾಂಪಲ್ ತೆಗೆದೆವು. ಮೀಟರ್ ಸರಿಯಾಗೇ ಹೇಳಿತು. ಮೂಲೆಯ ಮೂಟೆಗಳಿಗೆ ಬೂಷ್ಟು ಹಿಡಿಯಿತು. ಹಲಗೆಯ ಹಿಡಿ ಒರೆಸಿದ್ದು ಈಗಲೂ ಕಣ್ಣ ಮುಂದಿದೆ, ಪುಟ್ಟಿ.

ನಿಮ್ಮಲ್ಲೂ ಒಬ್ಬರಿದ್ದಾರೆ ಅಂದೆಯಲ್ಲ, ತಗಡಿಗೆ ಪೇಂಟ್ ಹೊಡೆದು ಬಿಸಿಲಿಗೆ ಹಿಡಿದು ಶೇಡ್ ಹೇಳುವವರು. ಮೆಟಾಲಿಕ್ ಬಣ್ಣ ನೇರ ನೋಡಿದರೆ ಒಂದು, ಓರೆ ನೋಡಿದರೆ ಇನ್ನೊಂದು. ನಿನ್ನ ಮೆಷಿನ್ ಬೇರೆ ಬೇರೆ ಕೋನದಲ್ಲಿ ಅಳೆದು ಬಣ್ಣ ಎಷ್ಟು ವ್ಯತ್ಯಾಸ ಅಂತ ಡೆಲ್ಟಾ ಇ ಅನ್ನುವ ಅಂಕಿ ಕೊಡುತ್ತದೆ. ಕೊಡಲಿ. ಅವರನ್ನು ಅದರ ಪಕ್ಕದಲ್ಲೇ ಕೂರಿಸು. ಅಂಕಿ ಸರಿಯಿದ್ದೂ ಅವರು "ಊಹೂಂ" ಅಂದರೆ ಯಾಕೆಂದು ಕೇಳಿ ಬರೆದುಕೋ. ಅವರ ಕೆಲಸ ಬದಲಾಗುವುದಿದ್ದರೆ ಮುಂಚೆಯೇ, ಎದುರಿಗೆ ಕೂತು ಹೇಳು. ಗೇಟಿಗೆ ಬಂದ ಮೇಲೆ ಹೇಳಬೇಡ.

ಮುಚ್ಚಿದ ಟ್ಯಾಂಕಿಗೆ ಪೈಪಿನಲ್ಲೇ ತೂಕ ಹಾಕಿ ಸುರಿದರೆ ಯಾರೂ ಬಗ್ಗಿ ಪೇಂಟಿನ ಜೈಲೀನ್ ಆವಿ ಕುಡಿಯುವುದಿಲ್ಲ ಅಂದೆ ನೀನು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನೀನು ಹೇಳಿದ್ದೇ ಸರಿ. ಊರಲ್ಲೆಲ್ಲ ಹೇಳಿಕೊಂಡೂ ಬಂದಿದ್ದೇನೆ. ಡ್ರಮ್ಮಿನಿಂದ ಸುರಿಯುವಾಗ ಅದನ್ನು ನೆಲದ ತಂತಿಗೆ ಸೇರಿಸುವ ಅರ್ಥ್ ಕ್ಲಿಪ್ ಹಾಕದಿದ್ದರೆ ಕಿಡಿ ಹಾರಬಹುದು ಅಂತಲೂ ನೀನೇ ಅಂದಿದ್ದೆ. ರಾತ್ರಿ ಪಾಳಿಯಲ್ಲಿ ಕ್ಲಿಪ್ ಹಾಕಿದ್ದಾರಾ ಅಂತ ನೀನೇ ಹೋಗಿ ನೋಡು. ಅಮ್ಮನಿಗೆ ಇದನ್ನು ಹೇಳಿಲ್ಲ.

ಆಟಿ 18ಕ್ಕೆ ಬಾ. ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡುತ್ತಾಳೆ. ಅಜ್ಜನ ಮೊಮ್ಮಗ ಕುಶಾಲನಗರದಲ್ಲಿ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿದ್ದಾನಂತೆ. ಹಲಗೆ ಸ್ಟೋರಿನ ಅಟ್ಟದಲ್ಲೇ ಇತ್ತು, ನಿನ್ನೆ ಇಳಿಸಿ ಒರೆಸಿಟ್ಟಿದ್ದೇನೆ. ಕೊಟ್ಟು ಬರಬೇಕು. ಒಬ್ಬನೇ ಹೋಗಲು ಕಾಲೇಳುತ್ತಿಲ್ಲ, ನೀನೂ ಬರ್ತೀಯಾ?

ನಿನ್ನ
ಅಪ್ಪ