ಬೀದರ್ ಗಾಡಿಗೆ ಬಸವಕಲ್ಯಾಣದ ಬಸ್ ಕಾಯಲಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ರೈಲು ಯೋಜನೆಗಳ ಸುದ್ದಿ ಬಂದಾಗಲೆಲ್ಲ ಲೆಕ್ಕ ನಡೆಯುವುದು ಕಿಲೊಮೀಟರ್ ಮತ್ತು ಕೋಟಿಗಳಲ್ಲಿ. ಬೀದರ್–ಕಲಬುರಗಿ 110 ಕಿ.ಮೀ., ಗದಗ–ವಾಡಿ 257 ಕಿ.ಮೀ., ಮುಂದೆ ಬೀದರ್–ನಾಂದೇಡ್. ಹಳಿ ಹಾಕಿದ ಮೇಲೆ ಅದರ ಮೇಲೆ ಎಷ್ಟು ಹೊತ್ತಿಗೊಂದು ಗಾಡಿ ಓಡುತ್ತದೆ, ಇಳಿದವರು ಯಾವ ಬಸ್ ಹತ್ತಿ ಊರು ಸೇರಬೇಕು ಎನ್ನುವುದು ಮಾತ್ರ ಯಾವ ಘೋಷಣೆಯಲ್ಲೂ ಇರುವುದಿಲ್ಲ. ಬೆಂಗಳೂರಿಗೆ 148 ಕಿ.ಮೀ. ಉಪನಗರ ರೈಲು ಬೇಕಾಗಿದೆ, ಆಗಲಿ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಸದ್ಯ ಬೇಕಾದದ್ದು ಅಷ್ಟು ದುಬಾರಿಯದಲ್ಲ. ಇರುವ ಹಳಿ, ಇರುವ ಬಸ್ಸು ಎರಡನ್ನೂ ಒಂದೇ ವೇಳಾಪಟ್ಟಿಗೆ ತರುವ ಕೆಲಸ ಅದು.

ಬೀದರ್–ಕಲಬುರಗಿ ಮಾರ್ಗವನ್ನೇ ನೋಡೋಣ. ದಶಕಗಳ ಬೇಡಿಕೆಯ ನಂತರ 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರ್‌ನಲ್ಲಿ ಇದನ್ನು ಉದ್ಘಾಟಿಸಿದರು. ಈಗ ವಿದ್ಯುದೀಕರಣವೂ ಆಗಿದೆ. ಹೆಚ್ಚು ಗಾಡಿ ಕೇಳಿದಾಗ ಬರುವ ಮೊದಲ ಉತ್ತರ, ‘ಸಿಂಗಲ್ ಲೈನ್, ಜಾಗ ಇಲ್ಲ’. ಸಿಂಗಲ್ ಲೈನಿನ ಮೇಲೆ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದೆಂದು ಅಳೆಯಲು ರೈಲ್ವೆಯವರೇ ಬಳಸುವ ಸ್ಕಾಟ್ ಸೂತ್ರ ಹಾಕಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಎರಡು ನಿಲ್ದಾಣಗಳ ನಡುವಿನ ಅತಿ ಉದ್ದದ ತುಂಡನ್ನು ನಿಧಾನದ ಗೂಡ್ಸ್ ಗಾಡಿ ದಾಟಲು 20 ನಿಮಿಷ, ನಿಲ್ದಾಣಗಳು ಲೈನ್ ಕ್ಲಿಯರ್ (ಗಾಡಿ ಬಿಡಲು ಅನುಮತಿ) ಕೊಟ್ಟು ತೆಗೆದುಕೊಳ್ಳಲು 5 ನಿಮಿಷ ಎಂದು ಧಾರಾಳವಾಗಿಯೇ ಹಿಡಿಯಿರಿ. ದಿನದ 1440 ನಿಮಿಷವನ್ನು 25ರಿಂದ ಭಾಗಿಸಿದರೆ 57. ಅದರಲ್ಲಿ ಶೇ 70 ಮಾತ್ರ ಕೈಗೆ ಸಿಗುತ್ತದೆ ಅಂದುಕೊಂಡರೂ ಎರಡೂ ದಿಕ್ಕು ಸೇರಿ 40 ಗಾಡಿ. ನಾವು ಕೇಳುತ್ತಿರುವುದು ಎಂಟು. ಕೊರತೆ ಇರುವುದು ಹಳಿಗಲ್ಲ, ರೇಕಿಗೆ (ಅಂದರೆ ಓಡಿಸುವ ಬೋಗಿಗಳ ಜೋಡಣೆಗೆ), ಸಿಬ್ಬಂದಿಗೆ, ಕಲಬುರಗಿಯಲ್ಲಿ ನಿಲ್ಲಿಸಲು ಒಂದು ಪ್ಲಾಟ್‌ಫಾರ್ಮಿಗೆ.

ಎಂಟು ಗಾಡಿಗೆ ಎರಡು ಮೆಮು (ಬೇರೆ ಎಂಜಿನ್ ಬೇಡದ ವಿದ್ಯುತ್ ಗಾಡಿ) ರೇಕ್ ಸಾಕು. ಒಂದು ಬದಿಯ ಓಟಕ್ಕೆ 3 ಗಂಟೆ, ತುದಿಯಲ್ಲಿ ತಿರುಗಲು 30 ನಿಮಿಷ ಎಂದಿಟ್ಟುಕೊಳ್ಳೋಣ. ಒಂದು ರೇಕ್ ನಸುಕಿನ 6ಕ್ಕೆ ಬೀದರ್ ಬಿಡುತ್ತದೆ, ಇನ್ನೊಂದು ಅದೇ ಹೊತ್ತಿಗೆ ಕಲಬುರಗಿ ಬಿಡುತ್ತದೆ. ಎರಡೂ 9ಕ್ಕೆ ಆಚೆ ತುದಿ ಮುಟ್ಟಿ 9.30ಕ್ಕೆ ತಿರುಗಿದರೆ, ಎರಡೂ ಕಡೆಯಿಂದ 6, 9.30, 1 ಮತ್ತು 4.30ಕ್ಕೆ ಗಾಡಿ ಸಿಗುತ್ತದೆ. ಕಲಬುರಗಿಗೆ 9ಕ್ಕೆ ಬಂದಿಳಿದವರಿಗೆ ಕಚೇರಿ, ಕಾಲೇಜು, ಜಿಮ್ಸ್ ಆಸ್ಪತ್ರೆಯ ಒಪಿಡಿ ಸಿಗುತ್ತವೆ. ಲೋಕೊ ಪೈಲಟ್‌ನ ಓಟದ ಡ್ಯೂಟಿ 9 ಗಂಟೆ ಮೀರಬಾರದು. ಇಲ್ಲಿ ಹೋಗಿ ಬರುವುದು ಆರೂವರೆ ಗಂಟೆಯಲ್ಲಿ ಮುಗಿಯುವುದರಿಂದ ಒಂದು ಸಿಬ್ಬಂದಿ ಜೋಡಿ ಅದೇ ದಿನ ತನ್ನ ಊರಿಗೆ ವಾಪಸ್ ಬರುತ್ತದೆ. ಹೊರಊರಿನಲ್ಲಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನ ರಗಳೆಯೂ ಇಲ್ಲ. ಮೂರನೆಯದೊಂದು ರೇಕ್ ಕಾದಿಟ್ಟಿರಲೇಬೇಕು. ಅದಿಲ್ಲದಿದ್ದರೆ ಒಂದು ರೇಕ್ ಕೆಟ್ಟ ದಿನ ನಾಲ್ಕು ಗಾಡಿ ಒಟ್ಟಿಗೆ ರದ್ದಾಗುತ್ತವೆ. ಎರಡು ಸಲ ಹಾಗಾದರೆ ಜನ ರೈಲಿನ ಆಸೆ ಬಿಟ್ಟು ಕ್ರೂಸರ್ ಹತ್ತುತ್ತಾರೆ.

ಈ ಲೆಕ್ಕದ ನಿಜವಾದ ಲಾಭ ಹುಮನಾಬಾದಿನಲ್ಲಿದೆ. ಎರಡೂ ತುದಿಯಿಂದ ಒಂದೇ ಹೊತ್ತಿಗೆ ಬಿಟ್ಟ ಗಾಡಿಗಳು ನಡುಮಧ್ಯೆ ಎದುರಾಗಲೇಬೇಕು. ಹುಮನಾಬಾದ್ ಹೆಚ್ಚುಕಡಿಮೆ ನಡುಮಧ್ಯೆಯೇ ಇದೆ. ಐದು-ಹತ್ತು ನಿಮಿಷ ಆಚೀಚೆ ಹೊಂದಿಸಿದರೆ ಆಯಿತು. ಅಂದರೆ 7.30, 11, 2.30 ಮತ್ತು 6 ಗಂಟೆಗೆ ಹುಮನಾಬಾದ್ ನಿಲ್ದಾಣದಲ್ಲಿ ಬೀದರ್ ಗಾಡಿ, ಕಲಬುರಗಿ ಗಾಡಿ ಎರಡೂ ಒಟ್ಟಿಗೆ ನಿಂತಿರುತ್ತವೆ. ಆ ಹೊತ್ತಿಗೆ ಬಸವಕಲ್ಯಾಣದಿಂದ ಒಂದೇ ಬಸ್ ಬಂದರೂ ಎರಡೂ ದಿಕ್ಕಿನವರಿಗೆ ಅನುಕೂಲ, ಅದೇ ಬಸ್ ಎರಡೂ ದಿಕ್ಕಿನಿಂದ ಇಳಿದವರನ್ನು ಕರೆದೊಯ್ಯುತ್ತದೆ. ಬಸವಕಲ್ಯಾಣಕ್ಕೆ ರೈಲಿಲ್ಲ. ಅನುಭವ ಮಂಟಪ ನೋಡಲು ಬರುವವರೂ, ಕಲಬುರಗಿಗೆ ಓದಲು ಹೋಗುವ ಮಕ್ಕಳೂ ಹೆಚ್ಚಾಗಿ ಹುಮನಾಬಾದ್ ಹಾಯ್ದೇ ಹೋಗುತ್ತಾರೆ. ಚಿಟಗುಪ್ಪದ ಬಸ್ಸಿಗೂ ಇದೇ ಮಾತು.

ಬಸ್ಸಿನ ಲೆಕ್ಕ ಹೀಗೆ ಕೂಡುತ್ತದೆ. ಬಸವಕಲ್ಯಾಣದಿಂದ ಹುಮನಾಬಾದ್ ನಿಲ್ದಾಣ ಸುಮಾರು 30 ಕಿ.ಮೀ., 50 ನಿಮಿಷ. 6.20ಕ್ಕೆ ಬಿಟ್ಟ ಬಸ್ 7.10ಕ್ಕೆ ಮುಟ್ಟುತ್ತದೆ, ಟಿಕೆಟ್ ತೆಗೆದುಕೊಂಡು ಪ್ಲಾಟ್‌ಫಾರ್ಮಿಗೆ ಹೋಗಲು 20 ನಿಮಿಷ ಸಿಗುತ್ತದೆ. ಗಾಡಿ ಹೋದ ಮೇಲೆ ಮುದುಕರು, ಮೂಟೆ ಹೊತ್ತವರು ಮೇಲ್ಸೇತುವೆ ಇಳಿದು ಬರಲು 10 ನಿಮಿಷವಾದರೂ ಬೇಕು, ಆದ್ದರಿಂದ 7.45ಕ್ಕೆ ಬಸ್ ಹೊರಡಲಿ. ಇಂಥ ನಾಲ್ಕು ಸುತ್ತು ಮುಗಿಯುವಾಗ ಸಂಜೆ 7.05. ಇಲ್ಲೊಂದು ತೊಡಕು ಇದೆ. 6.20ರಿಂದ 7.05 ಎಂದರೆ 12 ಗಂಟೆ 45 ನಿಮಿಷ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದುಡಿಮೆ 8 ಗಂಟೆ, ಬಿಡುವೂ ಸೇರಿ ಒಟ್ಟು ಹರವು 12 ಗಂಟೆ ಮೀರುವಂತಿರಲಿಲ್ಲ. ಅದೇ ಅಳತೆ ಹಿಡಿದರೆ ಒಂದೇ ಬಸ್ಸಿಗೆ ಎರಡು ಜೋಡಿ ಚಾಲಕ-ನಿರ್ವಾಹಕರು ಬೇಕು: ಮೊದಲೆರಡು ಸುತ್ತಿಗೆ ಒಂದು ಜೋಡಿ, ಮಧ್ಯಾಹ್ನದ ಮೇಲಿನ ಎರಡಕ್ಕೆ ಇನ್ನೊಂದು. ಇದನ್ನು ಗಮನಿಸದೆ ಶೆಡ್ಯೂಲ್ ಬರೆದರೆ ಒಂದೇ ವಾರದಲ್ಲಿ ಕೊನೆಯ ಟ್ರಿಪ್ ಕಟ್ ಆಗುತ್ತದೆ. ಕಟ್ ಆಗುವುದು ಯಾವಾಗಲೂ ಕೊನೆಯ ಟ್ರಿಪ್ಪೇ, ಜನರಿಗೆ ಹೆಚ್ಚು ಬೇಕಾದದ್ದೂ ಅದೇ.

ಡಿಪೋ ವ್ಯವಸ್ಥಾಪಕರ ತಕರಾರೂ ಸುಳ್ಳಲ್ಲ. ನಾಲ್ಕು ಸುತ್ತಿಗೆ ಬಸ್ ಓಡುವುದು 240 ಕಿ.ಮೀ. ಮಾತ್ರ. ಅವರನ್ನು ಮೇಲಿನವರು ಅಳೆಯುವುದು ಕಿಲೊಮೀಟರಿಗೆ ಬಂದ ಆದಾಯದಿಂದ, ಅಂದರೆ ಇಪಿಕೆಎಂನಿಂದ, ಮತ್ತು ಬಸ್ ದಿನಕ್ಕೆ ಓಡಿದ ದೂರದಿಂದ. ನಿಲ್ದಾಣದ ಮುಂದೆ 35 ನಿಮಿಷ ನಿಂತ ಬಸ್ ಅವರ ಲೆಕ್ಕದಲ್ಲಿ ಸೋಮಾರಿ ಬಸ್. ಬೆಳಿಗ್ಗೆ 8.35ಕ್ಕೆ ಬಸವಕಲ್ಯಾಣ ಮುಟ್ಟಿದ ಬಸ್ಸಿಗೆ ಮುಂದಿನ ಟ್ರಿಪ್ 9.50ಕ್ಕೆ. ನಡುವಿನ 75 ನಿಮಿಷದಲ್ಲಿ ಹತ್ತಿರದ ಹಳ್ಳಿಗೊಂದು ಟ್ರಿಪ್ ಹೊಂದಿಸಿದರೆ ಕಿಲೊಮೀಟರ್ ತುಂಬುತ್ತದೆ. ಆದರೆ ಆ ಟ್ರಿಪ್ ತಡವಾದರೆ ರೈಲು ತಪ್ಪುತ್ತದೆ, ಆದ್ದರಿಂದ ದೂರದ್ದು ಬೇಡ, ಹೋಗಿ ಬರುವುದಕ್ಕೆ ಒಟ್ಟು 50 ನಿಮಿಷ ಮೀರದ್ದು ಇರಲಿ. ಬಸ್ಸಿನ ಟ್ರಿಪ್ಪುಗಳ ವೇಳಾಪಟ್ಟಿಯಾದ ಫಾರಂ-4ರಲ್ಲಿ ‘ರೈಲು ಸಂಪರ್ಕ’ ಎಂದು ಬರೆದು, ಅಂಥ ಟ್ರಿಪ್ಪುಗಳನ್ನು ಇಪಿಕೆಎಂ ತುಲನೆಯಿಂದ ಹೊರಗಿಡುವಂತೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ (ಕೆಕೆಆರ್‌ಟಿಸಿ) ಕೇಂದ್ರ ಕಚೇರಿ ಒಂದು ಸುತ್ತೋಲೆ ಹೊರಡಿಸಿದರೆ ಡಿಪೋದವರ ಅರ್ಧ ಹೆದರಿಕೆ ಹೋಗುತ್ತದೆ.

ರೈಲಿನಿಂದ ಬಸ್ಸಿನ ಜನ ಕಡಿಮೆಯಾಗುತ್ತಾರೆ ಎಂಬ ಇನ್ನೊಂದು ಹೆದರಿಕೆಯೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಕಲಬುರಗಿಗೆ ನೇರ ಬಸ್ ಇದ್ದರೆ ಅವರು ರೈಲಿನ ಕಡೆ ತಿರುಗಿಯೂ ನೋಡುವುದಿಲ್ಲ, ಅದು ಸಹಜ. ಆದರೆ ನಿಂತುಕೊಂಡೇ ಹೋಗಬೇಕಾದ ಆ ನೇರ ಬಸ್ಸುಗಳ ನೂಕುನುಗ್ಗಲು ಇಳಿಯಬೇಕಾದರೆ ಸ್ವಲ್ಪ ಜನ ರೈಲಿಗೆ ಹೋಗಲೇಬೇಕು. ನಿಲ್ದಾಣದವರೆಗಿನ ಬಸ್ ಉಚಿತವಿರುವಾಗ ಹೆಣ್ಣುಮಕ್ಕಳ ಕೈಯಿಂದ ಹೋಗುವುದು ಪ್ಯಾಸೆಂಜರ್ ಗಾಡಿಯ ಟಿಕೆಟ್ ಮಾತ್ರ. ದಿನಾ ಓಡಾಡುವವರಿಗೆ 150 ಕಿ.ಮೀ.ವರೆಗೆ ಮಾಸಿಕ ಪಾಸ್ ಇದೆ. ಬೀದರ್–ಕಲಬುರಗಿ ಅದರೊಳಗೇ ಬರುತ್ತದೆ. ನೇರ ಬಸ್ಸುಗಳನ್ನು ಕಡಿಮೆ ಮಾಡಿ ಎಂದು ನಾವು ಹೇಳುತ್ತಿಲ್ಲ, ಹಾಗೆ ಮಾಡಿದ ದಿನವೇ ಜನ ಈ ಯೋಜನೆಗೆ ಶಾಪ ಹಾಕುತ್ತಾರೆ.

ಗಾಡಿ ತಡವಾದರೆ? ಇದಕ್ಕೆ ಬರವಣಿಗೆಯಲ್ಲಿ ನಿಯಮ ಬೇಕು, ಬಾಯಿಮಾತು ಸಾಲದು. ಹಗಲಿನ ಬಸ್ 15 ನಿಮಿಷ ಕಾಯಲಿ, ದಿನದ ಕೊನೆಯ ಬಸ್ 60 ನಿಮಿಷ ಕಾಯಲಿ. ಗಾಡಿ ಎಲ್ಲಿದೆ ಎಂದು ನೋಡಲು ಬಸ್ಸಿನ ಸಂಚಾರ ನಿಯಂತ್ರಕರ ಮೊಬೈಲಿನಲ್ಲಿ ಎನ್‌ಟಿಇಎಸ್ (ರೈಲ್ವೆಯ ಗಾಡಿ ಮಾಹಿತಿ ಆ್ಯಪ್) ಇದ್ದರೆ ಸಾಕು, ಸ್ಟೇಷನ್ ಮಾಸ್ತರರಿಗೆ ಹತ್ತು ಸಲ ಫೋನ್ ಮಾಡಬೇಕಿಲ್ಲ. ಕಾದದ್ದನ್ನು ಟ್ರಿಪ್ ಶೀಟಿನಲ್ಲಿ ಬರೆದು ಸಹಿ ಹಾಕುವ ಅಧಿಕಾರ ಆ ನಿಯಂತ್ರಕರಿಗೇ ಕೊಡಬೇಕು. ಇಲ್ಲವಾದರೆ ತಡವಾಗಿ ಬಂದದ್ದಕ್ಕೆ ಮೆಮೊ ಬರುವುದು ಚಾಲಕನಿಗೆ, ಮರುದಿನದಿಂದ ಅವನು ಯಾವ ಗಾಡಿಗೂ ಕಾಯುವುದಿಲ್ಲ. ರೈಲಿನ ಕಡೆ ತಡವಾಗುವ ಜಾಗ ಹೆಚ್ಚಾಗಿ ಕಲಬುರಗಿಯೇ ಆಗಿರುತ್ತದೆ. ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಎಕ್ಸ್‌ಪ್ರೆಸ್ಸುಗಳಿಗೆ ಪ್ಲಾಟ್‌ಫಾರ್ಮ್ ಬಿಟ್ಟುಕೊಡಲು ಬ್ರಾಂಚ್ ಲೈನಿನ ಗಾಡಿಯನ್ನು ಔಟರಿನಲ್ಲಿ ನಿಲ್ಲಿಸುವುದು ಎಲ್ಲ ಜಂಕ್ಷನ್ನಿನ ರೂಢಿ. ಬೀದರ್ ಗಾಡಿ 30 ನಿಮಿಷ ನಿಂತು ತಿರುಗಬೇಕಾದ್ದರಿಂದ ಅದಕ್ಕೆಂದೇ ಒಂದು ಪ್ಲಾಟ್‌ಫಾರ್ಮ್ ಮೀಸಲಿಡದಿದ್ದರೆ ಮೇಲೆ ಹೇಳಿದ ಲೆಕ್ಕವೆಲ್ಲ ಕಾಗದದ ಮೇಲೇ ಉಳಿಯುತ್ತದೆ.

ಕಲಬುರಗಿ ನಗರದೊಳಗಿನ ಸಂಪರ್ಕಕ್ಕೆ ಒಂದೇ ಉದಾಹರಣೆ ಸಾಕು. ಬೆಂಗಳೂರು ವಂದೇ ಭಾರತ್ 2024ರ ಮಾರ್ಚ್‌ನಲ್ಲಿ ಶುರುವಾದಾಗ ಇದ್ದ ವೇಳಾಪಟ್ಟಿ ನೋಡಿ: ಬೆಳಿಗ್ಗೆ 5.15ಕ್ಕೆ ಇಲ್ಲಿಂದ ಬಿಡುತ್ತಿತ್ತು, ರಾತ್ರಿ 11.30ಕ್ಕೆ ವಾಪಸ್ ಬರುತ್ತಿತ್ತು. ಎರಡೂ ನಗರ ಸಾರಿಗೆ ಮಲಗಿರುವ ಹೊತ್ತು. ಇಳಿದವರು ಆಟೊ ಕೇಳಿದಷ್ಟು ಕೊಡಬೇಕು, ಆಳಂದ, ಜೇವರ್ಗಿ, ಚಿಂಚೋಳಿ ಕಡೆಯವರಾದರೆ ಬೆಳಗಾಗುವ ತನಕ ನಿಲ್ದಾಣದಲ್ಲೇ ಕೂರಬೇಕು. ಇದಕ್ಕೆ ಬೇಕಾದದ್ದು ಎರಡೇ ಬಸ್. ಒಂದು ಜಗತ್ ವೃತ್ತ, ಸೂಪರ್ ಮಾರ್ಕೆಟ್, ಹುಮನಾಬಾದ್ ಬೇಸ್ ಕಡೆಗೆ. ಇನ್ನೊಂದು ಕೇಂದ್ರ ಬಸ್ ನಿಲ್ದಾಣ, ರಾಮಮಂದಿರ ವೃತ್ತದ ಕಡೆಗೆ. ರಾತ್ರಿ 11.45ಕ್ಕೆ ಹೊರಟ ಸಿಬ್ಬಂದಿ ಡ್ಯೂಟಿ ಇಳಿಯುವಾಗ ಒಂದು ಗಂಟೆಯಾಗುತ್ತದೆ. ಆ 1961ರ ಕಾಯ್ದೆಯಂತೆ ಅವರಿಗೆ 9 ಗಂಟೆ ವಿಶ್ರಾಂತಿ ಸಿಗಬೇಕಿತ್ತು, ಆ ಲೆಕ್ಕದಲ್ಲಿ ಅದೇ ಜೋಡಿ ಬೆಳಿಗ್ಗೆ 4.15ರ ಟ್ರಿಪ್ಪಿಗೆ ಬರುವ ಪ್ರಶ್ನೆಯೇ ಇಲ್ಲ. ಬಸ್ಸಿಗೆ ಈ ನಿಯಮವಿಲ್ಲವಲ್ಲ! ಅದು ರಾತ್ರಿ ನೈಟ್ ಔಟ್ ಆಗಿ ಟ್ರಿಪ್ಪಿನ ಕೊನೆಯಲ್ಲೇ ನಿಲ್ಲಲಿ, 3.45ಕ್ಕೆ ಹೊಸ ಜೋಡಿ ಬಂದು ತೆಗೆಯಲಿ. ಖಾಲಿ ಬಸ್ ಡಿಪೋಗೆ ಹೋಗಿ ಬರುವ ಡೀಸೆಲ್ಲೂ ಉಳಿಯುತ್ತದೆ. ಮೊದಲ ತಿಂಗಳು ಹತ್ತು ಜನವೂ ಹತ್ತಲಿಕ್ಕಿಲ್ಲ. ಮೂರು ತಿಂಗಳಿಗೆ ಮೊದಲು ನಿಲ್ಲಿಸಬಾರದು, ಏಕೆಂದರೆ ಬಸ್ ಇರುತ್ತದೆ ಎಂಬ ನಂಬಿಕೆ ಹುಟ್ಟುವುದಕ್ಕೇ ಅಷ್ಟು ದಿನ ಬೇಕು.

ಇನ್ನು ನಿಲ್ದಾಣದ ಅಂಗಳ. ಬೀದರ್, ಯಾದಗಿರಿ, ವಾಡಿ, ಶಹಾಬಾದ್, ಗಾಣಗಾಪುರ ರೋಡ್ ನಿಲ್ದಾಣಗಳು ಅಮೃತ ಭಾರತ ಯೋಜನೆಯಲ್ಲಿವೆ. ಕಮಾನು, ಬಣ್ಣ, ದೀಪ ಎಲ್ಲ ಸರಿ. 12 ಮೀಟರ್ ಉದ್ದದ ಬಸ್ ಹಿಂದಕ್ಕೆ ಬರದೆ ಒಂದೇ ಏಟಿಗೆ ತಿರುಗಲು ಸುಮಾರು 25 ಮೀಟರ್ ಅಗಲದ ಜಾಗ ಬೇಕು. ಅಷ್ಟು ಜಾಗ ಇಲ್ಲವೆಂದಲ್ಲ, ಅದರ ನಡುವೆ ಕಾರಂಜಿ, ಹುಲ್ಲುಹಾಸು, ಪಾರ್ಕಿಂಗ್ ಗುತ್ತಿಗೆದಾರರ ಹಗ್ಗ ಬಂದು ಕೂರುತ್ತವೆ. ಕೊನೆಗೆ ಬಸ್ ಹೊರಗಿನ ರಸ್ತೆಯಲ್ಲೇ ನಿಂತು, ಪ್ರಯಾಣಿಕರು ಟಂಟಂ ಸಾಲು ದಾಟಿ ಹೋಗಬೇಕು. ಪಾರ್ಕಿಂಗ್ ಟೆಂಡರ್ ಕರೆಯುವ ಮೊದಲೇ ಬಸ್ ಬೇ ಗುರುತಿಸಿ ನಕ್ಷೆಯಲ್ಲಿ ಹಳದಿ ಗೆರೆ ಎಳೆಯಬೇಕು. ಟೆಂಡರ್ ಆದ ಮೇಲೆ ಆ ಜಾಗ ವಾಪಸ್ ಪಡೆಯುವುದು ಕೋರ್ಟಿನ ಕೆಲಸವಾಗುತ್ತದೆ.

ಗಾಣಗಾಪುರ ರೋಡಿನಲ್ಲಿ ಹುಣ್ಣಿಮೆ, ಅಮಾವಾಸ್ಯೆ, ದತ್ತ ಜಯಂತಿಯಂದು ಮಾತ್ರವಾದರೂ ಮುಖ್ಯ ಗಾಡಿಗಳ ಹೊತ್ತಿಗೆ ನಿಲ್ದಾಣದಿಂದಲೇ ಹೊರಡುವ ಬಸ್ ಬೇಕು. ಕಲಬುರಗಿಯಿಂದ ತುಂಬಿಕೊಂಡು ಬರುವ ಬಸ್ಸಿನಲ್ಲಿ ಅಲ್ಲಿ ಹತ್ತುವವರಿಗೆ ಕಾಲಿಡಲೂ ಜಾಗವಿರುವುದಿಲ್ಲ. ಶಹಾಪುರ, ಸುರಪುರದವರಿಗೆ ಇಂದಿಗೂ ಯಾದಗಿರಿಯೇ ರೈಲು ನಿಲ್ದಾಣ. ಗದಗ–ವಾಡಿ ಮಾರ್ಗದಲ್ಲಿ ತಳಕಲ್–ಕುಷ್ಟಗಿ ತುಂಡು 2025ರಲ್ಲಿ ತೆರೆದಿದೆ, ಒಂದು ದಿನ ಗಾಡಿ ಸುರಪುರಕ್ಕೂ ಬರುತ್ತದೆ. ಅಲ್ಲಿ ನಿಲ್ದಾಣದ ಭೂಮಿ ಅಳೆಯುವಾಗಲೇ ಬಸ್ಸಿಗೆಂದು ಅರ್ಧ ಎಕರೆ ಬಿಡಿಸಿಕೊಳ್ಳುವುದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಈ ಮಾರ್ಗಕ್ಕೆ ಭೂಮಿ ಕೊಡುವುದೇ ರಾಜ್ಯ.

ಇದನ್ನೆಲ್ಲ ಯಾರು ಕೂಡಿಸಬೇಕು ಎಂಬಲ್ಲಿ ಗಂಟು ಬಿದ್ದಿದೆ. ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗದ್ದು, ಬೀದರ್ ಮಾರ್ಗ ಸಿಕಂದರಾಬಾದ್ ವಿಭಾಗದ್ದು, ಯಾದಗಿರಿ ಗುಂತಕಲ್ ವಿಭಾಗದ ನೆರಳಿನಲ್ಲೇ ಬೆಳೆದದ್ದು. ಮಲ್ಲಿಕಾರ್ಜುನ ಖರ್ಗೆ ಅವರು ರೈಲ್ವೆ ಸಚಿವರಾಗಿದ್ದಾಗ ಘೋಷಣೆಯಾದ ಕಲಬುರಗಿ ವಿಭಾಗ ಬಂದರೆ ಒಳ್ಳೆಯದೇ, ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಮೂರು ವಿಭಾಗಗಳ ಸಂಚಾರ ಅಧಿಕಾರಿಗಳು, ಕೆಕೆಆರ್‌ಟಿಸಿಯ ವಿಭಾಗೀಯ ಸಂಚಾರ ಅಧಿಕಾರಿಗಳು ಪ್ರಾದೇಶಿಕ ಆಯುಕ್ತರ ಕಚೇರಿಯಲ್ಲಿ ವರ್ಷಕ್ಕೆ ಎರಡು ದಿನ ಕೂತರೆ ಸಾಕು, ಅದೂ ರೈಲ್ವೆಯ ಹೊಸ ವೇಳಾಪಟ್ಟಿ ಅಚ್ಚಿಗೆ ಹೋಗುವ ಮೊದಲು. ಅಚ್ಚಾದ ಮೇಲೆ ಗಾಡಿಯನ್ನು ಐದು ನಿಮಿಷ ಸರಿಸಲೂ ಮುಂದಿನ ವರ್ಷಕ್ಕೆ ಕಾಯಬೇಕಾಗುತ್ತದೆ, ಬಸ್ಸಿನ ಫಾರಂ-4 ಮಾತ್ರ ಹದಿನೈದು ದಿನದಲ್ಲಿ ಬದಲಾಗಬಲ್ಲದು. ಹಾಗಾಗಿ ಈಗಿರುವ ಗಾಡಿಗಳ ಹೊತ್ತಿಗೇ ಹುಮನಾಬಾದಿನಲ್ಲಿ ಪ್ರಯೋಗ ಶುರುವಾಗಲಿ: ಬಸವಕಲ್ಯಾಣಕ್ಕೊಂದು ಬಸ್, ಚಿಟಗುಪ್ಪಕ್ಕೊಂದು ಬಸ್, ನಿಲ್ದಾಣದ ಬಾಗಿಲಲ್ಲಿ ಮೊಬೈಲ್ ಹಿಡಿದ ಒಬ್ಬ ಸಂಚಾರ ನಿಯಂತ್ರಕ.

— ರೈಲ್ವೆ ಸಂಚಾರ ವಿಭಾಗ ಹಾಗೂ ಬಸ್ ಡಿಪೋಗಳಲ್ಲಿ ದುಡಿದು ನಿವೃತ್ತರಾದ ಇಬ್ಬರು, ಕಲಬುರಗಿ