ಮೂಲೆಯಲ್ಲಿ ನಿಂತ ಗೊಂಬೆ

ತೀರ್ಥಹಳ್ಳಿ

ಚಿ. ಸೌ. ವಸುಧಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ಉಳಿದದ್ದಕ್ಕೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಕೊನೆಯಲ್ಲಿ ತಮಾಷೆಯೆಂಬಂತೆ ಒಂದು ಮಾತು ಬರೆದಿದ್ದೀಯಲ್ಲ: ಪುಟ್ಟಿ ಗೊಂಬೆಗಳನ್ನು ಸಾಲಾಗಿ ಕೂರಿಸಿ ಶಾಲೆಯಾಟ ಆಡುತ್ತಾಳೆ, ಒಂದನ್ನು ಮೂಲೆಯಲ್ಲಿ ನಿಲ್ಲಿಸಿ ‘ತಲೆಯಲ್ಲಿ ಮಣ್ಣು ತುಂಬಿದೆಯಾ’ ಎಂದು ಕಿರುಚುತ್ತಾಳೆ, ಥೇಟ್ ಅವರ ಮಿಸ್ ಹಾಗೆಯೇ ಎಂದು. ಅದನ್ನು ಓದಿದಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಆ ಮಾತು ನನ್ನದು, ವಸುಧಾ. ಎಷ್ಟು ಮಕ್ಕಳಿಗೆ ಅಂದಿದ್ದೇನೋ ಲೆಕ್ಕವಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ, ಮೇಲೆ ಹೆಂಚಿಗೆ ಬಡಿಯುವ ಮಳೆ. ಗಂಟಲು ಏರಿಸದಿದ್ದರೆ ಪಾಠ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಮಳೆ ನಿಂತ ಮೇಲೂ ಗಂಟಲು ಇಳಿಯಲಿಲ್ಲ. ನಾನು ಹೊಡೆಯುವವಳಲ್ಲ ಎಂಬ ಹೆಮ್ಮೆ ಬೇರೆ.

ಒಬ್ಬ ಹುಡುಗನಿಗೆ ಏಳರ ಮಗ್ಗಿ ಬರುವುದಿಲ್ಲವೆಂದು ದಿನವೂ ಬೈಯುತ್ತಿದ್ದೆ. ಒಂದು ಸಂಜೆ ಅವನು ದನ ಅಟ್ಟಿಕೊಂಡು ಬರುತ್ತ ಅದೇ ಮಗ್ಗಿಯನ್ನು ರಾಗವಾಗಿ ಹೇಳುತ್ತಿದ್ದ. ನಲವತ್ತೊಂಬತ್ತಕ್ಕೆ ಬರುವಾಗ ನನ್ನನ್ನು ಕಂಡ. ಅಲ್ಲಿಗೇ ಬಾಯಿ ಕಟ್ಟಿತು. ಅವನಿಗೆ ಮಗ್ಗಿ ಬರುತ್ತಿತ್ತು, ನನ್ನೆದುರು ಬರುತ್ತಿರಲಿಲ್ಲ. ನಾನು ಏನೂ ಹೇಳದೆ ಮನೆಗೆ ಹೋದೆ. ಒಂದು ಮಾತು ಆಡಬಹುದಿತ್ತು.

ಮಿಸ್ ಬೈಯುವುದು ಪಕ್ಕದ ಹುಡುಗನಿಗೆ, ಪುಟ್ಟಿಗಲ್ಲ ಎಂದು ನೀನು ಸಮಾಧಾನ ಮಾಡಿಕೊಂಡಿದ್ದೀಯ. ಬೈಗುಳ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ನಾಳೆ ತಮ್ಮ ಸರದಿಯೋ ಎಂದು ಉಳಿದವರೂ ಕಾಯುತ್ತಿರುತ್ತಾರೆ. ಭಾನುವಾರ ರಾತ್ರಿ ಪುಟ್ಟಿಗೆ ಬರುತ್ತದೆಂದು ನೀನು ಬರೆದ ಹೊಟ್ಟೆನೋವನ್ನು ನೆಪವೆನ್ನಬೇಡ. ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ಏನು ಮಾಡಲಿ ಎಂದು ಕೇಳಿದ್ದೀಯ. ಹೇಳಲು ನನಗೆ ಯಾವ ಮುಖವಿದೆಯೋ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು ಬಂದಾಗ ಕೆಲವರು ಕೋಲನ್ನು ಒಲೆಗೆ ಹಾಕಿದರು, ನಾಲಿಗೆ ಮಾತ್ರ ನಮ್ಮೆಲ್ಲರಿಗೂ ಹಾಗೇ ಉಳಿಯಿತು. ಆದರೆ ಮೊದಲ ದಿನವೇ ಕಾಯ್ದೆ ಹಿಡಿದು ಹೋಗಬೇಡ. ಆ ಮಿಸ್ ಒಬ್ಬಳೇ ಇದ್ದಾಗ ಭೇಟಿಯಾಗು, ತರಗತಿಯಲ್ಲಿ ಎಷ್ಟು ಮಕ್ಕಳೆಂದು ವಿಚಾರಿಸು, ಆಮೇಲೆ ಗೊಂಬೆಯ ವಿಷಯ ಹೇಳು. ನನಗೆ ಯಾರಾದರೂ ಹಾಗೆ ಹೇಳಿದ್ದರೆ ಕೋಪವೇ ಬರುತ್ತಿತ್ತೇನೋ. ಆದರೂ ಹೇಳು. ಬದಲಾಗದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಕೊಡು.

ನನ್ನ ಗಂಟಲು ಇಳಿದದ್ದು ಕಾಯ್ದೆಯಿಂದಲ್ಲ, ಆಟ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಿಂದ. ಮಕ್ಕಳ ನಡುವೆ ನೆಲದ ಮೇಲೆ ಕೂತು ಕಾರ್ಡು ಹಂಚಬೇಕಾಯಿತು. ಅಷ್ಟು ಹತ್ತಿರ ಕೂತು ಮುಖ ನೋಡುತ್ತ ಕಿರುಚಲು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ನಿವೃತ್ತಿ ಬಂತು.

‘ಇವತ್ತು ಮಿಸ್ ಬೈದರಾ’ ಎಂದು ದಿನವೂ ಕೆದಕಬೇಡ. ಪುಟ್ಟಿ ಆಡುವಾಗ ನೀನೂ ಹೋಗಿ ಆ ಮೂಲೆಯ ಗೊಂಬೆಯ ಪಕ್ಕ ಕೂತುಕೋ. ಇದು ಉಪಾಯವೋ ಅಲ್ಲವೋ, ನನಗೆ ತೋಚಿದ್ದು ಇಷ್ಟೇ.

ಇನ್ನೊಂದು. ಪುಟ್ಟಿ ಎಲ್ಲ ಗೊಂಬೆಗಳಿಗೂ ಹೆಸರಿಡುವವಳು. ಮೂಲೆಯಲ್ಲಿ ನಿಂತದ್ದರ ಹೆಸರನ್ನು ನೀನು ಬರೆದಿಲ್ಲ. ಪಕ್ಕದಲ್ಲಿ ಕೂರುವ ಆ ಹುಡುಗನದೋ, ಅವಳದೇ ಹೆಸರೋ? ತಿಳಿದುಕೊಂಡು ಬೇಗ ಬರೆ.

ಇಂತಿ
ನಿನ್ನ ಸೋದರತ್ತೆ